ಗಡಿ ಅಳಿಯಿತು, ದಾರಿ ಉಳಿಯಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆಗಳನ್ನು ಸೇರಿದವರ ಮಕ್ಕಳು ಇಂದು ಉದ್ಯೋಗ ಅರಸಿ ಇನ್ನಷ್ಟು ದೂರ ಹೋಗಿದ್ದಾರೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಬರ್ಲಿನ್ ನಗರಗಳಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ಕಾಣಲು ಎರಡು ಮೂರು ತಿಂಗಳ ಮಟ್ಟಿಗೆ ಜರ್ಮನಿಗೆ ತೆರಳುವ ತಂದೆತಾಯಿಗಳು ಈಗ ಅಪರೂಪವೇನಲ್ಲ. ಅವರು ರೈನ್ ನದಿಯಲ್ಲಿ ದೋಣಿವಿಹಾರ ಮಾಡುತ್ತಾರೆ. ಕೊಲೋನ್ ನಗರದ ಮಹಾ ಇಗರ್ಜಿಯನ್ನೂ ಬವೇರಿಯದ ಅರಮನೆಗಳನ್ನೂ ನೋಡುತ್ತಾರೆ. ಕೈತುಂಬ ಛಾಯಾಚಿತ್ರಗಳೊಡನೆ ಹಿಂದಿರುಗುತ್ತಾರೆ. ಇವೆಲ್ಲವೂ ನೋಡತಕ್ಕವುಗಳೇ. ಆದರೆ ಆ ದೇಶದ ನಟ್ಟನಡುವೆ ಪ್ರವಾಸಿಗರು ಸಾಮಾನ್ಯವಾಗಿ ಕಾಣದೆ ಬರುವ ಒಂದು ದಾರಿಯುಂಟು. ಎರಡು ಸಾಲು ಕಾಂಕ್ರೀಟು ಚಪ್ಪಡಿ, ಅವುಗಳ ನಡುವೆ ಹುಲ್ಲು. ಕಣ್ಣಿಗೆ ಕಾಣುವುದು ಇಷ್ಟೇ. ಒಂದು ರಾಷ್ಟ್ರವನ್ನು ನಾಲ್ಕು ದಶಕಗಳ ಕಾಲ ಎರಡಾಗಿ ಸೀಳಿದ್ದ ಗಡಿಯ ಕಾವಲು ದಾರಿ ಅದು.

ಕಾಲಲ್ಲಿ ಶಕ್ತಿಯಿರುವವರು ಆ ದಾರಿಯಲ್ಲಿ ಒಂದು ದಿನವಾದರೂ ನಡೆಯಬೇಕು ಎಂಬುದು ಇಲ್ಲಿ ಹೇಳಬೇಕಾದ ಮೊದಲ ಮಾತು. ಅದನ್ನು ನಯಗೊಳಿಸದೆ, ಅಳಿಸದೆ, ಇದ್ದ ಹಾಗೆಯೇ ಉಳಿಸಿಕೊಳ್ಳುವುದು ಜರ್ಮನಿಗೆ ಮಾತ್ರವಲ್ಲದೆ ಗಡಿಗಳ ನಡುವೆ ಬಾಳುವ ಎಲ್ಲರಿಗೂ ಹಿತ ಎಂಬುದು ಎರಡನೆಯದು.

ಗೆರೆಯು ಬೇಲಿಯಾದ ಬಗೆ

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು 1945ರಲ್ಲಿ ಗೆದ್ದ ರಾಷ್ಟ್ರಗಳು ಹಂಚಿಕೊಂಡಾಗ ಭೂಪಟದ ಮೇಲೆ ಎಳೆದದ್ದು ಬರಿಯ ಆಡಳಿತದ ಗೆರೆ. 1949ರಲ್ಲಿ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿಗಳೆಂಬ ಎರಡು ರಾಜ್ಯಗಳು ಹುಟ್ಟಿದ ಬಳಿಕವೂ ಜನ ಕಾಡಿನ ಕಾಲುದಾರಿಗಳಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. 1952ರ ಮೇ 26ರಂದು ಪೂರ್ವ ಜರ್ಮನಿಯ ಸರಕಾರ ಈ ಗಡಿಯನ್ನು ಮುಚ್ಚಿತು. ಗಡಿಯುದ್ದಕ್ಕೂ 10 ಮೀಟರ್ ಅಗಲದ ನೆಲವನ್ನು ಉತ್ತು, ಹೆಜ್ಜೆ ಬಿದ್ದರೆ ಗುರುತು ಮೂಡುವಂತೆ ಹದ ಮಾಡಲಾಯಿತು. ಅದರ ಹಿಂದೆ 500 ಮೀಟರಿನ ರಕ್ಷಣಾ ಪಟ್ಟಿ. ಅದರ ಹಿಂದೆ 5 ಕಿ.ಮೀ. ಅಗಲದ ನಿರ್ಬಂಧಿತ ವಲಯ. ಆ ವಲಯದ ಹಳ್ಳಿಗಳಿಗೆ ಹೋಗಬೇಕಾದರೆ ಸ್ವಂತ ಅಕ್ಕತಂಗಿಯರಿಗೂ ಪರವಾನಗಿ ಬೇಕು.

ಬಾಲ್ಟಿಕ್ ಸಮುದ್ರದ ದಂಡೆಯಿಂದ ದಕ್ಷಿಣದ ಹೋಫ್ ಪಟ್ಟಣದ ಸಮೀಪದವರೆಗೆ ಈ ಗಡಿಯ ಉದ್ದ 1,393 ಕಿ.ಮೀ. ಮುಳ್ಳುತಂತಿಯಿಂದ ಆರಂಭವಾದ ಬೇಲಿ ವರ್ಷ ಕಳೆದಂತೆ ಬಲಿಯಿತು. ಆಳೆತ್ತರವನ್ನು ಮೀರಿದ ಲೋಹದ ಜಾಲರಿ, ಕಾವಲು ಗೋಪುರ, ನೆಲಬಾಂಬು, ಬೇಲಿಗೆ ಕಟ್ಟಿದ ತಂತಿ ಮುಟ್ಟಿದೊಡನೆ ತಾನಾಗಿಯೇ ಗುಂಡು ಸಿಡಿಸುವ ಯಂತ್ರ ಇವೆಲ್ಲ ಒಂದೊಂದಾಗಿ ಬಂದವು. ಕಾವಲಿನ ವಾಹನಗಳು ಮಳೆಗಾಲದಲ್ಲಿಯೂ ಕೆಸರಿನಲ್ಲಿ ಹೂತುಹೋಗದಿರಲೆಂದು ತೂತುಗಳುಳ್ಳ ಕಾಂಕ್ರೀಟು ಚಪ್ಪಡಿಗಳನ್ನು ಎರಡು ಸಾಲಾಗಿ ಹಾಸಿದರು. ಇಂದು ಚಾರಣಿಗರು ನಡೆಯುವುದು ಈ ಚಪ್ಪಡಿಗಳ ಮೇಲೆಯೇ.

ಈ ಬೇಲಿ ಪಶ್ಚಿಮದ ಶತ್ರುವನ್ನು ತಡೆಯಲು ಕಟ್ಟಿದ್ದೆಂದು ಪೂರ್ವದ ಸರಕಾರ ಹೇಳುತ್ತಿತ್ತು. ಆ ಮಾತಿನ ಸತ್ಯಾಸತ್ಯತೆಯನ್ನು ತಿಳಿಯಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಚಪ್ಪಡಿಯ ದಾರಿಯ ಪಕ್ಕದಲ್ಲಿ ವಾಹನ ತಡೆಯುವ ಕಂದಕ ಹಲವೆಡೆ ಇನ್ನೂ ಉಳಿದಿದೆ. ಅದರ ಪೂರ್ವದ ಬದಿ ಇಳಿಜಾರು. ಪಶ್ಚಿಮದ ಬದಿ ಮಾತ್ರ ಕಾಂಕ್ರೀಟಿನಿಂದ ಕಡಿದಾಗಿ ನಿಲ್ಲಿಸಿದ್ದು. ಪೂರ್ವದಿಂದ ಬರುವ ವಾಹನವೇ ಅದರಲ್ಲಿ ಸಿಕ್ಕಿಬೀಳಬೇಕು. ಹತ್ತು ಪುಟದ ಚರಿತ್ರೆ ಹೇಳಬೇಕಾದುದನ್ನು ಆ ಕಂದಕ ಒಂದೇ ನೋಟಕ್ಕೆ ಹೇಳುತ್ತದೆ.

ಕೊಟ್ಟ ಬೆಲೆ

ಗಡಿಯ ಅಂಚಿನಲ್ಲಿ ಬಾಳುತ್ತಿದ್ದು, ಸರಕಾರಕ್ಕೆ ನಂಬಿಕೆ ಸಾಲದೆನಿಸಿದ ಕುಟುಂಬಗಳನ್ನು 1952ರಲ್ಲಿಯೂ 1961ರಲ್ಲಿಯೂ ಬಲವಂತವಾಗಿ ಎಬ್ಬಿಸಿ ಒಳನಾಡಿಗೆ ಸಾಗಿಸಲಾಯಿತು. ಎರಡು ಸಲ ಸೇರಿ ಹೀಗೆ ನೆಲೆ ಕಳೆದುಕೊಂಡವರು ಹನ್ನೊಂದು ಸಾವಿರಕ್ಕೂ ಮಿಗಿಲು. ಮೊದಲ ಕಾರ್ಯಾಚರಣೆಗೆ ಅಧಿಕಾರಿಗಳು ತಮ್ಮೊಳಗೆ ಇಟ್ಟುಕೊಂಡಿದ್ದ ಹೆಸರು 'ಕ್ರಿಮಿಕೀಟ' ಎಂದಾಗಿತ್ತು. ಕೆಲವು ಊರುಗಳಂತೂ ಹೆಸರಷ್ಟೇ ಆಗಿ ಉಳಿದವು. ತುರಿಂಗಿಯ ಪ್ರಾಂತದ ಬಿಲ್‌ಮುಟ್‌ಹೌಸೆನ್ ಎಂಬ ಹಳ್ಳಿಯ ಕೊನೆಯ ನಿವಾಸಿಗಳನ್ನು 1978ರಲ್ಲಿ ತೆರವು ಮಾಡಿಸಿ ಮನೆಗಳನ್ನು ನೆಲಸಮಗೊಳಿಸಿದರು. ಅಲ್ಲಿ ಉಳಿದದ್ದು ಸ್ಮಶಾನ.

ಪಶ್ಚಿಮದ ಬಾಡ್ ಸೂಡೆನ್-ಅಲ್ಲೆಂಡೋರ್ಫ್ ಪಟ್ಟಣದ ಬಳಿ ಶಿಫ್ಲರ್ಸ್‌ಗ್ರುಂಡ್ ಎಂಬಲ್ಲಿ ಮೂಲ ಬೇಲಿ ಇಂದಿಗೂ ಒಂದು ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ನಿಂತಿದೆ. 1982ರ ಮಾರ್ಚ್ 29ರಂದು ಗಡಿಯ ಕಾಮಗಾರಿಯಲ್ಲಿದ್ದ ಹೈನ್ಸ್-ಯೋಸೆಫ್ ಗ್ರೋಸೆ ಎಂಬ ಕಾರ್ಮಿಕ ತನ್ನ ಮಣ್ಣೆತ್ತುವ ಯಂತ್ರವನ್ನು ಬೇಲಿಗೆ ಒತ್ತಿ ನಿಲ್ಲಿಸಿ, ಅದರ ಎತ್ತಿದ ಬಾಯಿಯ ಮೇಲೇರಿ ಆಚೆಗೆ ಜಿಗಿದ. ಇಳಿಜಾರನ್ನು ಹತ್ತುತ್ತಿದ್ದಾಗ ಕಾವಲಿನವರ ಗುಂಡು ತಗಲಿತು. ಬೇಲಿ ದಾಟಿದ ಮಾತ್ರಕ್ಕೆ ಗಡಿ ದಾಟಿದಂತಾಗುತ್ತಿರಲಿಲ್ಲ. ಬೇಲಿಯ ಆಚೆಗೂ ಸ್ವಲ್ಪ ದೂರ ಪೂರ್ವ ಜರ್ಮನಿಯ ನೆಲವೇ ಇತ್ತು. ಬೇಲಿಯ ಬುಡದಿಂದ ಗಡಿಕಂಬದವರೆಗೆ ಅಲ್ಲಿ ಸ್ವತಃ ನಡೆದು ನೋಡಿದವರಿಗೆ ಆ ಅಂತರ ಎಷ್ಟು ಕಡಿಮೆ ಎಂಬುದು ಕಾಲಿಗೇ ತಿಳಿಯುತ್ತದೆ.

ಲೆಕ್ಕಪತ್ರದ ಕಡೆಯಿಂದ ನೋಡಿದರೂ ಈ ಗಡಿಯ ಕಥೆ ವಿಚಿತ್ರವಾದುದು. 1980ರ ಅಕ್ಟೋಬರಿನಿಂದ, ಬಂಧುಗಳನ್ನು ಕಾಣಲು ಪೂರ್ವಕ್ಕೆ ಹೋಗುವ ಪಶ್ಚಿಮದವರು ದಿನಕ್ಕೆ 25 ಮಾರ್ಕುಗಳನ್ನು ಪೂರ್ವದ ಹಣಕ್ಕೆ ಸರಿಸಮನಾಗಿ ಬದಲಾಯಿಸಲೇಬೇಕಿತ್ತು. 1983ರಲ್ಲಿ ಬವೇರಿಯದ ಮುಖ್ಯಮಂತ್ರಿ ಫ್ರಾನ್ಸ್ ಯೋಸೆಫ್ ಸ್ಟ್ರೌಸ್ ಅವರ ಮಧ್ಯಸ್ಥಿಕೆಯಿಂದ ಪಶ್ಚಿಮದ ಬ್ಯಾಂಕುಗಳ ಕೂಟವೊಂದು ಪೂರ್ವ ಜರ್ಮನಿಗೆ 100 ಕೋಟಿ ಮಾರ್ಕುಗಳ ಸಾಲ ನೀಡಿತು. 1984ರ ಕೊನೆಯ ಹೊತ್ತಿಗೆ ತಾನಾಗಿ ಗುಂಡು ಹಾರಿಸುವ ಯಂತ್ರಗಳೆಲ್ಲ ಬೇಲಿಯಿಂದ ಕಳಚಲ್ಪಟ್ಟವು. ಇವೆರಡಕ್ಕೂ ಸಂಬಂಧವುಂಟೆಂದು ಬಲ್ಲವರು ಹೇಳುತ್ತಾರೆ. ಸಾಲದ ಪತ್ರವೂ ಒಮ್ಮೊಮ್ಮೆ ಜೀವ ಉಳಿಸಬಲ್ಲುದೆಂದು ಅಂಕಿಗಳ ನಡುವೆ ಆಯುಷ್ಯ ಕಳೆಯುವವರು ಸಮಾಧಾನ ಪಡಬಹುದು.

ನಡೆದವರಿಂದಲೇ ತೆರೆದ ಗಡಿ

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದುದು ಎಲ್ಲರಿಗೂ ಗೊತ್ತು. ಆ ಬಳಿಕದ ವಾರಗಳಲ್ಲಿ ಪಶ್ಚಿಮಕ್ಕೆ ಬಂದ ಪೂರ್ವದವರಿಗೆ ತಲೆಗೆ 100 ಮಾರ್ಕುಗಳಂತೆ ಸ್ವಾಗತಧನ ಕೊಡುವ ಏರ್ಪಾಡಿತ್ತು. ಗಡಿಯ ಪಟ್ಟಣಗಳ ಬ್ಯಾಂಕುಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. ಆದರೆ ಹಾರ್ಟ್ಸ್ ಪರ್ವತದಲ್ಲಿ 1,141 ಮೀಟರ್ ಎತ್ತರದ ಬ್ರೋಕನ್ ಶಿಖರ ಮಾತ್ರ ಇನ್ನೂ ಮುಚ್ಚಿಯೇ ಇತ್ತು. ಮಹಾಕವಿ ಗಯಟೆ 1777ರ ಡಿಸೆಂಬರಿನ ಹಿಮದಲ್ಲಿ ಏರಿದ್ದ ಶಿಖರ ಅದು. 1961ರಿಂದ ಅದು ಸೈನಿಕರ ವಶದಲ್ಲಿತ್ತು; ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. 1989ರ ಡಿಸೆಂಬರ್ 3ರಂದು ಸಾವಿರಾರು ಜನ ನಡೆದೇ ಬೆಟ್ಟ ಹತ್ತಿದರು. ಶಿಖರದ ಕಾವಲಿನ ಬಾಗಿಲ ಮುಂದೆ ನಿಂತು ತೆರೆಯಿರೆಂದು ಒತ್ತಾಯಿಸಿದರು. ಬಾಗಿಲು ಅಂದೇ ತೆರೆಯಿತು. ಕಾಲ್ನಡಿಗೆಯಿಂದ ಬಿಡುಗಡೆಯಾದ ಶಿಖರವಿದು ಎಂದರೆ ಅತಿಶಯೋಕ್ತಿಯಾಗಲಾರದು.

ಬವೇರಿಯ ಹಾಗೂ ತುರಿಂಗಿಯಗಳ ನಡುವಣ ಮ್ಯೋಡ್ಲಾರೊಯ್ಟ್ ಎಂಬ ಕುಗ್ರಾಮದ ಕಥೆ ಇನ್ನೂ ಮನಮುಟ್ಟುವಂಥದು. ಊರ ನಡುವೆ ಹರಿಯುವ, ದಾಟಲು ಒಂದು ಹೆಜ್ಜೆ ಸಾಕಾಗುವ ತೊರೆಯೇ ಗಡಿ. 1966ರಲ್ಲಿ ಅಲ್ಲಿ 700 ಮೀಟರ್ ಉದ್ದದ ಕಾಂಕ್ರೀಟು ಗೋಡೆ ಎದ್ದಿತು. ಅಮೆರಿಕದ ಸೈನಿಕರು ಅದಕ್ಕೆ 'ಪುಟ್ಟ ಬರ್ಲಿನ್' ಎಂದು ಹೆಸರಿಟ್ಟರು. 1989ರ ಡಿಸೆಂಬರ್ 9ರಂದು ಜನ ನಡೆದು ದಾಟಲು ಅಲ್ಲಿ ದಾರಿಯಾಯಿತು. ಗೋಡೆಯ ಒಂದು ಭಾಗವನ್ನು ನೆನಪಿಗಾಗಿ ಉಳಿಸಿಕೊಂಡು ಅಲ್ಲಿ ಬಯಲು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಗ್ರಾಮ ಇಂದಿಗೂ ಎರಡು ಪ್ರಾಂತಗಳಿಗೆ ಸೇರಿದೆ. ಆದರೆ ತೊರೆ ದಾಟಲು ಯಾರ ಅಪ್ಪಣೆಯೂ ಬೇಡ.

ಹಸಿರು ಪಟ್ಟಿ

ಮನುಷ್ಯರು ಕಾಲಿಡದ ನೆಲದಲ್ಲಿ ಬೇರೆ ಜೀವಿಗಳು ನೆಲೆ ಕಂಡುಕೊಂಡಿದ್ದವು. ಕೋಬುರ್ಗ್ ಪಟ್ಟಣದ ಬಳಿ ಬೆಳೆದ ಕಾಯ್ ಫ್ರೋಬೆಲ್ ಎಂಬ ಬಾಲಕ 1970ರ ದಶಕದಲ್ಲಿ ಗಡಿಯ ಈಚೆ ನಿಂತು ದುರ್ಬೀನಿನಿಂದ ಪಕ್ಷಿಗಳನ್ನು ವೀಕ್ಷಿಸುತ್ತಿದ್ದ. ಸುತ್ತಲಿನ ಹೊಲಗಳಲ್ಲಿ ಕಣ್ಮರೆಯಾಗುತ್ತಿದ್ದ ಕಂದು ಕೊರಳಿನ ಪುಟ್ಟ ಹಕ್ಕಿಯೊಂದು ಈ ಸಾವಿನ ಪಟ್ಟಿಯ ಕಂಬಗಳ ಮೇಲೆ ನಿರಾತಂಕವಾಗಿ ಕುಳಿತಿರುವುದನ್ನು ಆತ ಗಮನಿಸಿದ. ಗೋಡೆ ತೆರೆದು ಒಂದು ತಿಂಗಳಾಗುವಷ್ಟರಲ್ಲಿ, 1989ರ ಡಿಸೆಂಬರ್ 9ರಂದು, ಹೋಫ್‌ನಲ್ಲಿ ಎರಡೂ ಕಡೆಯ ಸುಮಾರು 400 ನಿಸರ್ಗಪ್ರೇಮಿಗಳು ಸೇರಿ ಈ ಪಟ್ಟಿಯನ್ನು 'ಹಸಿರು ಪಟ್ಟಿ'ಯಾಗಿ ಕಾಪಾಡಬೇಕೆಂದು ನಿರ್ಣಯಿಸಿದರು. 50ರಿಂದ 200 ಮೀಟರ್ ಅಗಲದ ಈ ನೆಲದಲ್ಲಿ ಅಳಿವಿನಂಚಿನ 1,200ಕ್ಕೂ ಹೆಚ್ಚು ಬಗೆಯ ಸಸ್ಯಪ್ರಾಣಿಗಳು ಆಶ್ರಯ ಪಡೆದಿವೆ. 2018ರಲ್ಲಿ ತುರಿಂಗಿಯ ತನ್ನ ಪಾಲಿನ 763 ಕಿ.ಮೀ. ಉದ್ದವನ್ನು ರಾಷ್ಟ್ರೀಯ ನಿಸರ್ಗ ಸ್ಮಾರಕವೆಂದು ಘೋಷಿಸಿತು.

ಆದರೂ ಈ ದಾರಿಯ ಭವಿಷ್ಯ ನಿಶ್ಚಿಂತವಾಗಿಲ್ಲ. ಕೆಲವೆಡೆ ಅದು ಉಳುಮೆಗೆ ಸೇರಿಹೋಗಿದೆ. ಕೆಲವೆಡೆ ಚಪ್ಪಡಿಗಳನ್ನು ಕಿತ್ತುಹಾಕಿದ್ದಾರೆ. ಇದರ ಹಿಂದೆ ಮೂರು ವಾದಗಳಿವೆ. ಮೂರನ್ನೂ ಸಹಾನುಭೂತಿಯಿಂದಲೇ ಕೇಳಬೇಕು.

ಮೊದಲನೆಯದು ಭೂಮಿ ಕಳೆದುಕೊಂಡ ರೈತರದು. 1996ರ ಕಾನೂನಿನ ಪ್ರಕಾರ, ಗಡಿಗಾಗಿ ಕಿತ್ತುಕೊಂಡಿದ್ದ ಭೂಮಿಯನ್ನು ಹಿಂದಿನ ಒಡೆಯರು ಮಾರುಕಟ್ಟೆ ಬೆಲೆಯ ಶೇಕಡಾ 25ನ್ನು ಕೊಟ್ಟು ಪಡೆಯಬಹುದಾಗಿತ್ತು. ತನ್ನದೇ ಹೊಲವನ್ನು ಹಣ ತೆತ್ತು ಕೊಳ್ಳಬೇಕಾದವನ ಸಂಕಟ ಯಾರಿಗೂ ಅರ್ಥವಾಗುವಂಥದು. ಅವನಿಗೆ ನ್ಯಾಯವಾದ ಬೆಲೆ ಸಲ್ಲಲೇಬೇಕು. ನಿಸರ್ಗ ಸಂರಕ್ಷಣಾ ಸಂಘದವರು ಸಾರ್ವಜನಿಕರಿಂದ ದೇಣಿಗೆ ಕೂಡಿಸಿ ಇಂಥ ಭೂಮಿಯನ್ನು ಕ್ರಯಕ್ಕೆ ಕೊಳ್ಳುತ್ತಿರುವುದು ಈ ದಿಸೆಯಲ್ಲಿ ಸರಿಯಾದ ಕ್ರಮ.

ಎರಡನೆಯದು ನೊಂದವರ ವಾದ. ಗಾಯದ ಗುರುತನ್ನು ಏಕೆ ಉಳಿಸಬೇಕು, ಅಳಿಸಿಬಿಡಿ ಎಂದು ಅವರು ಕೇಳುವುದು ಸಹಜ. ಆದರೆ 1952ರಲ್ಲಿ ಹತ್ತು ವರ್ಷದ ಮಗುವಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ ಕಂಡು ಹೇಳುವವರು ಇರುವುದಿಲ್ಲ. ಆಗ ಸಾಕ್ಷಿ ನುಡಿಯಬೇಕಾದದ್ದು ಈ ದಾರಿ. ಕೇವಲ ಹಸಿರನ್ನು ಉಳಿಸಿ ಚಪ್ಪಡಿಯನ್ನೂ ಕಂದಕವನ್ನೂ ಕಳೆದರೆ ಉಳಿಯುವುದು ಸುಂದರವಾದ ಹುಲ್ಲುಗಾವಲು ಮಾತ್ರ. ಅಲ್ಲಿ ಸತ್ತವರ ಗುರುತೇ ಇರುವುದಿಲ್ಲ.

ಮೂರನೆಯದು ಅನುಕೂಲದ ವಾದ. ತೂತಿನ ಚಪ್ಪಡಿಗಳ ಮೇಲೆ ನಡೆಯುವುದು ಕಷ್ಟ, ಸೈಕಲ್ ಸವಾರಿ ಇನ್ನೂ ಕಷ್ಟ. ಆದ್ದರಿಂದ ಅದನ್ನು ನುಣುಪಾಗಿಸಬೇಕೆಂದು ಹೇಳುವವರುಂಟು. ಅಂಗವಿಕಲರಿಗೂ ತೀರ ವಯಸ್ಸಾದವರಿಗೂ ವಸ್ತುಸಂಗ್ರಹಾಲಯಗಳ ಬಳಿ ಸಮತಟ್ಟಾದ ದಾರಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಬೇಕಾದಲ್ಲಿ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಬಹುದು. ಆದರೆ ಚಪ್ಪಡಿಯ ಮೇಲೆ ಡಾಮರು ಸುರಿಯಬಾರದು. ಆ ತೂತುಗಳ ಮೇಲೆ ನಡೆಯುವವನು ಹೆಜ್ಜೆ ಹೆಜ್ಜೆಗೂ ನೆಲವನ್ನು ನೋಡಿ ಕಾಲಿಡಬೇಕಾಗುತ್ತದೆ. ವೇಗ ತಾನಾಗಿ ತಗ್ಗುತ್ತದೆ. ನಡೆಯಲೆಂದು ಮಾಡಿದ ದಾರಿ ಇದಲ್ಲ, ತಡೆಯಲೆಂದು ಮಾಡಿದ್ದು ಎಂಬ ಅರಿವನ್ನು ಆ ಒರಟುತನವೇ ಮೂಡಿಸುತ್ತದೆ.

ಹೋಗುವವರಿಗೆ ನಾಲ್ಕು ಮಾತು

ದಿನಕ್ಕೆ 20 ಕಿ.ಮೀ.ಯಂತೆ ನಡೆದರೂ ಇಡೀ ಗಡಿಗೆ 70 ದಿನ ಬೇಕು. ಅದು ತರುಣರ ಕೆಲಸ. ಐವತ್ತು ದಾಟಿದವರಿಗೆ ಮ್ಯೋಡ್ಲಾರೊಯ್ಟ್ ಅಥವಾ ಶಿಫ್ಲರ್ಸ್‌ಗ್ರುಂಡ್‌ನ ಸುತ್ತ ನಾಲ್ಕೈದು ಕಿ.ಮೀ. ಸಾಕು. ಇನ್ನೂ ಉತ್ಸಾಹವಿರುವವರು ಟೋರ್ಫ್‌ಹೌಸ್‌ನಿಂದ ಗಯಟೆಯ ಹೆಸರಿನ ದಾರಿಯಲ್ಲಿ ಸುಮಾರು 8 ಕಿ.ಮೀ. ನಡೆದು ಬ್ರೋಕನ್ ಶಿಖರ ಸೇರಬಹುದು. ಕಾಲು ಸೋತರೆ ಮತ್ತೊಂದು ಬದಿಗೆ ಇಳಿಯಲು ಉಗಿಬಂಡಿಯ ಪುಟ್ಟ ರೈಲಿದೆ. ಶಿಖರದಲ್ಲಿ ವರ್ಷದ ಬಹುಪಾಲು ದಿನ ಮಂಜು ಮುಸುಕಿರುವುದರಿಂದ ಬೇಸಿಗೆಯಲ್ಲಿಯೂ ಸ್ವೆಟರ್ ಹಾಗೂ ಮಳೆಯಂಗಿ ಜೊತೆಗಿರಬೇಕು.

ಪೂರ್ವಸಿದ್ಧತೆಯನ್ನು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಎರಡು ತಿಂಗಳ ಮೊದಲಿನಿಂದ ದಿನವೂ ಮುಕ್ಕಾಲು ಗಂಟೆ ಚುರುಕಾಗಿ ನಡೆಯಬೇಕು. ವಾರಕ್ಕೊಮ್ಮೆ ಪುಣೆಯವರಿಗೆ ಸಿಂಹಗಡವಿದೆ, ಮುಂಬಯಿಯವರಿಗೆ ಬೊರಿವಲಿಯ ಉದ್ಯಾನವಿದೆ. ಏನೂ ಇಲ್ಲದಿದ್ದರೆ ರೈಲು ನಿಲ್ದಾಣದ ಸೇತುವೆಯ ಮೆಟ್ಟಿಲುಗಳಾದರೂ ಇವೆ. ಚಪ್ಪಡಿಯ ತೂತಿನಲ್ಲಿ ಕಾಲು ಸಿಕ್ಕಿ ಉಳುಕುವ ಸಂಭವವಿರುವುದರಿಂದ ಗಿಣ್ಣನ್ನು ಮುಚ್ಚುವ, ಮೊದಲೇ ತೊಟ್ಟು ಪಳಗಿಸಿದ ಬೂಟು ಬೇಕು. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಶ್ರಮ; ಇಳಿಜಾರಿನಲ್ಲಿ ಸಣ್ಣ ಹೆಜ್ಜೆಯಿಟ್ಟು ಊರುಗೋಲಿನ ಆಸರೆ ಪಡೆಯಬೇಕು. ಮಧುಮೇಹಿಗಳು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಬೇಕು. ಸಂಜೆ ಪಾದಗಳನ್ನು ತೊಳೆದು ಗುಳ್ಳೆ, ಗಾಯಗಳಿವೆಯೇ ಎಂದು ತಪ್ಪದೆ ಪರೀಕ್ಷಿಸಬೇಕು. ಹೃದ್ರೋಗ, ರಕ್ತದೊತ್ತಡಗಳಿರುವವರು ವೈದ್ಯರ ಸಲಹೆಯಿಲ್ಲದೆ ಬೆಟ್ಟದ ಹಾದಿ ಹಿಡಿಯಬಾರದು.

ಮಲೆನಾಡಿನವರಿಗೆ ಬೇಗನೆ ಅರ್ಥವಾಗುವ ಇನ್ನೊಂದು ಎಚ್ಚರಿಕೆಯುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುವುದು ಸರ್ವವಿದಿತ. ಅದರ ವೈರಾಣುವಿನ ಹತ್ತಿರದ ಬಂಧುವೊಂದು ಬವೇರಿಯ, ತುರಿಂಗಿಯಗಳ ಹುಲ್ಲುಪೊದೆಗಳ ಉಣುಗುಗಳಲ್ಲಿಯೂ ಇದೆ. ಅದು ಮೆದುಳಿನ ಉರಿಯೂತವನ್ನು ಉಂಟುಮಾಡಬಲ್ಲುದು. ಅದನ್ನು ತಡೆಯುವ ಚುಚ್ಚುಮದ್ದು ಲಭ್ಯವಿದೆ. ಹಲವು ವಾರಗಳ ಅಂತರದಲ್ಲಿ ತೆಗೆದುಕೊಳ್ಳಬೇಕಾದ್ದರಿಂದ ವೈದ್ಯರನ್ನು ಮೊದಲೇ ವಿಚಾರಿಸಬೇಕು. ಉಣುಗಿನಿಂದಲೇ ಬರುವ ಲೈಮ್ ಎಂಬ ಇನ್ನೊಂದು ರೋಗದಲ್ಲಿ ಕಚ್ಚಿದೆಡೆ ಕೆಂಪು ಉಂಗುರ ಹರಡಿಕೊಳ್ಳಬಹುದು. ಹಾಗೆ ಕಂಡರೆ ತಡಮಾಡದೆ ಚಿಕಿತ್ಸೆ ಪಡೆಯಬೇಕು. ತುಂಬುದೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಷರಾಯಿ ಇವು ಮೊದಲ ರಕ್ಷಣೆ. ಸಂಜೆ ಮೈಯನ್ನು ಪರೀಕ್ಷಿಸಿ, ಉಣುಗು ಕಂಡರೆ ಚರ್ಮದ ಸಮೀಪದಲ್ಲಿ ಚಿಮುಟದಿಂದ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಬೇಕು. ಎಣ್ಣೆ ಹಚ್ಚುವುದು, ಸುಡುವುದು ಸಲ್ಲದು. ಕೊನೆಯದಾಗಿ, ಗುರುತು ಮಾಡಿದ ದಾರಿಯನ್ನು ಬಿಟ್ಟು ಆಚೀಚೆ ಹೋಗಲೇಬಾರದು. ನೆಲಬಾಂಬುಗಳ ಶೋಧನೆ 1995ರವರೆಗೂ ನಡೆದರೂ ಎಲ್ಲವೂ ಸಿಕ್ಕಿವೆಯೆಂದು ಹೇಳುವಂತಿಲ್ಲ.

ಸೊಲ್ಲಾಪುರ ದಾಟಿ ಕಲಬುರಗಿಯತ್ತ ಸಾಗುವ ರೈಲಿನಲ್ಲಿ ಕುಳಿತವರಿಗೆ ರಾಜ್ಯದ ಗಡಿ ಎಲ್ಲಿ ಬಂತೆಂಬುದೇ ತಿಳಿಯುವುದಿಲ್ಲ. ನಿಲ್ದಾಣದ ಫಲಕದ ಮೇಲೆ ಕನ್ನಡದ ಅಕ್ಷರ ಕಂಡಾಗ ಊರು ಹತ್ತಿರವಾಯಿತೆಂಬ ಸಂತೋಷ, ಅಷ್ಟೇ. ತಂಗಿಯ ಮನೆಯ ಗೃಹಪ್ರವೇಶಕ್ಕೆ, ತಾಯಿಯ ಕಾಯಿಲೆಗೆ, ಊರ ಜಾತ್ರೆಗೆ ಹೀಗೆ ಹೋಗಿಬರುವುದು ಎಂಥ ಭಾಗ್ಯವೆಂಬುದು ದಿನವೂ ಅನುಭವಿಸುವವರಿಗೆ ಹೊಳೆಯುವುದಿಲ್ಲ. ಮ್ಯೋಡ್ಲಾರೊಯ್ಟ್‌ನ ತೊರೆಯ ದಂಡೆಯಲ್ಲಿ ನಿಂತಾಗ ಹೊಳೆಯುತ್ತದೆ. ಎದುರು ಮನೆಯ ಬಂಧುವಿಗೆ ಕೈಬೀಸುವುದೂ ಪೂರ್ವದ ಕಡೆಯವರಿಗೆ ಅಪರಾಧವಾಗಿದ್ದ ಸ್ಥಳ ಅದು. ಆದ್ದರಿಂದ ಮುಂದಿನ ಸಲ ಮಕ್ಕಳ ಮನೆಗೆ ಹೋಗುವ ಹಿರಿಯರು ಒಂದು ದಿನವನ್ನು ಈ ದಾರಿಗಾಗಿ ಮೀಸಲಿಡಲಿ. ಸಾಧ್ಯವಾದರೆ ಮೊಮ್ಮಕ್ಕಳನ್ನೂ ಕರೆದೊಯ್ಯಲಿ. ಆ ಮಕ್ಕಳು ಬೆಳೆದು ಬಾಳುವುದು ಗೋಡೆಯನ್ನು ಕಾಣದ ಜರ್ಮನಿಯಲ್ಲಿ. ಗೋಡೆ ಹೇಗೆ ಏಳುತ್ತದೆಂಬುದನ್ನು ಅವರಿಗೆ ಯಾರಾದರೂ ನಡೆಸಿಯೇ ತೋರಿಸಬೇಕು.